ಬಾಟಲಿಯಲ್ಲಿ ಎರಡು ಬೆರಳು ಕಡಿಮೆ

“ಉಚ್ಚೆಳ್ಳು ಚಟ್ನಿ ಆಕಿವ್ನಿ, ತಿನ್ನಿ ಮೇಡಮ್ಮೋರೆ.”

ಗುಂಡ್ಲುಪೇಟೆಗೆ ಬಂದಿಳಿದು ಮೂರು ತಾಸೂ ಆಗಿರಲಿಲ್ಲ. ರೆಸಾರ್ಟಿನ ಅಡುಗೆಮನೆಯಲ್ಲಿ ನನ್ನ ಮುಂದೊಂದು ಸ್ಟೀಲ್ ತಟ್ಟೆ, ನಡುವೆ ಹೊಳೆಯುವ ರಾಗಿಮುದ್ದೆ, ಪಕ್ಕದಲ್ಲಿ ಕರ್ರಗಿನ ಏನೋ ಒಂದು. ಬಡಿಸಿದ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಾನು ತಿನ್ನುವುದನ್ನೇ ಕಾಯುತ್ತಿದ್ದಳು. ವಿಜಯಪುರದಲ್ಲಿ ಹುಟ್ಟಿದ ಕಿವಿಗೆ ‘ಉಚ್ಚೆ’ ಎಂಬುದು ಬಿದ್ದ ಮೇಲೆ ‘ಎಳ್ಳು’ ಕೇಳಿಸಿದರೇನು, ಬಿಟ್ಟರೇನು? ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿ, “ಹಸಿವಿಲ್ರೀ,” ಎಂದೆ. ಬೆಳಿಗ್ಗೆಯಿಂದ ಒಂದು ಬಾಳೆಹಣ್ಣು ಬಿಟ್ಟು ಬೇರೇನೂ ತಿಂದಿರಲಿಲ್ಲ.

ಹತ್ತು ದಿನ ಕಳೆದ ಮೇಲೆ ಉಗ್ರಾಣದ ಡಬ್ಬಿ ತೆರೆದು ನೋಡಿದಾಗ ಗೊತ್ತಾಯಿತು, ಅದು ನಮ್ಮ ಗುರೆಳ್ಳು. ಅವ್ವ ವಾರಕ್ಕೊಮ್ಮೆ ಕುಟ್ಟಿ ರೊಟ್ಟಿಯ ಜೊತೆ ಕೊಡುತ್ತಿದ್ದ ಅದೇ ಗುರೆಳ್ಳು. ಇಲ್ಲಿಯವರು ಅದಕ್ಕೆ ಹುಚ್ಚೆಳ್ಳು ಎನ್ನುತ್ತಾರೆ. ಆಡುವಾಗ ‘ಹ’ ನುಂಗಿಬಿಡುವುದರಿಂದ ಉಚ್ಚೆಳ್ಳು ಆಗುತ್ತದೆ. ನಾನು ನಕ್ಕೆ. ಆದರೆ ಅಂದು ಬಡಿಸಿದ್ದ ಮಲ್ಲಾಜಮ್ಮ ನಗಲಿಲ್ಲ. ಮೊದಲ ದಿನವೇ ತಟ್ಟೆ ತಳ್ಳಿದವಳು ಎಂಬ ಹೆಸರು ಅಷ್ಟರಲ್ಲಿ ನನಗೆ ಬಂದಾಗಿತ್ತು.

ನಮ್ಮ ಕಡೆಯವರು ಓದಲೆಂದು ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಸಂಶಯ ನನ್ನ ಹುಟ್ಟುಗುಣ. ನಾವು ದ್ರಾಕ್ಷಿ ಬೆಳೆಯುವವರು. ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ ಕೂಲಿಯವರು ಎಷ್ಟು ಬಾಯಿಗೆ ಹಾಕಿಕೊಳ್ಳುತ್ತಾರೆ ಎಂದು ನೋಡುತ್ತ ಕೂರುವುದು ಚಿಕ್ಕಂದಿನಲ್ಲಿ ನನಗೆ ಕೊಟ್ಟ ಕೆಲಸ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುತ್ತಾರಲ್ಲ, ನಾನು ಪ್ರಮಾಣಿಸಿದ್ದನ್ನೂ ಇನ್ನೊಮ್ಮೆ ನೋಡುವವಳು. ಮುಂದೆ ಹೋಟೆಲ್ ಕೋರ್ಸ್ ಮಾಡಿ, ನಂದಿ ಬೆಟ್ಟದ ಕಡೆಯ ಒಂದು ವೈನರಿಯಲ್ಲಿ ಬಂದವರಿಗೆ ವೈನ್ ರುಚಿ ತೋರಿಸುವ ಕೆಲಸಕ್ಕೆ ನಿಂತೆ. ಅಲ್ಲಿಂದ ಬಂಡೀಪುರ ಕಾಡಿನ ಅಂಚಿನ ಈ ರೆಸಾರ್ಟಿಗೆ ಬಂದೆ. ಊಟಕ್ಕೆ ತಕ್ಕ ವೈನ್, ವೈನಿಗೆ ತಕ್ಕ ಊಟ ಹೊಂದಿಸುವುದು ಇಲ್ಲಿ ನನ್ನ ಪಾಲಿನ ಕೆಲಸ.

ಈ ಕೆಲಸದ ಹೆಸರು ಹೇಳಿ ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುವುದು ನಿಮ್ಮಿಂದಾಗದು. ಮಹಡಿ ಮನೆ ತೋರಿಸಿದ ಮಹದೇವಪ್ಪನವರು ಅರಿಸಿನದ ವ್ಯಾಪಾರಿ. ಹಣೆಯ ಮೇಲೆ ಮೂರು ಬೆರಳು ವಿಭೂತಿ ಇಲ್ಲದೆ ಬಾಗಿಲು ದಾಟುವವರಲ್ಲ.

“ಯಾವ ಕೆಲ್ಸ ತಾಯಿ?”

“ರೆಸಾರ್ಟಿನ್ಯಾಗ ಊಟದ ಉಸ್ತುವಾರಿ ರೀ.”

“ಯಾವ ಜನ?”

“ಲಿಂಗಾಯತರು ರೀ.”

ಅವರ ಕಣ್ಣು ನನ್ನ ಕೊರಳಿಗೆ ಹೋಯಿತು. “ಕೊಳ್ಳಲ್ಲಿ ಲಿಂಗ ಕಾಣ್ನಿಲ್ವಲ್ಲ?”

“ಪೆಟ್ಟಿಗ್ಯಾಗ ಐತ್ರಿ.” ಅದು ನಿಜವೂ ಆಗಿತ್ತು. ಅವರು ನಂಬಿದರೋ ಇಲ್ಲವೋ, ಮನೆಯಂತೂ ಕೊಟ್ಟರು. ಆದರೆ ಮೂರು ತಿಂಗಳ ಕಾಲ ನಾನು ಮೆಟ್ಟಿಲು ಹತ್ತುವಾಗೆಲ್ಲ ನನ್ನ ಕೈಚೀಲ ಎಷ್ಟು ತೂಗುತ್ತಿದೆ ಎಂದು ಜಗಲಿಯಿಂದಲೇ ಅಳೆಯುತ್ತಿದ್ದರು. ನನಗೂ ಅದೇ ಚಾಳಿ ಇದ್ದುದರಿಂದ ಬೈಯಲು ಬಾಯಿ ಬರಲಿಲ್ಲ.

ಮಾತಿನ ಮೋಸ ಇನ್ನೊಂದು ಥರ. ನಮ್ಮಲ್ಲಿ ‘ನನಗ’, ‘ನಿಮಗ’ ಎಂದರೆ ಇಲ್ಲಿ ‘ನಂಗ’, ‘ನಿಮ್ಗ’. ನಾವು ‘ಐತಿ’, ‘ಅದ’ ಎಂದರೆ ಇವರೂ ‘ಅದ’. ಕಿವಿಗೆ ತವರಿನ ಹಾಗೆ ಕೇಳಿಸಿ ಮೈಮರೆಸುತ್ತದೆ, ಅಷ್ಟರಲ್ಲಿ ‘ಬುಡು’, ‘ಓಗನ’, ‘ಕಣ್ಲಾ’ ಬಂದು ತಲೆಗೆ ಮೊಟಕುತ್ತವೆ. ಸಂತೆಯಲ್ಲಿ ಬಾಳೆಗೊನೆ ಕೊಳ್ಳಲು ಬರುವ ಕೇರಳದವರ ಜೊತೆ ಇಲ್ಲಿಯ ರೈತರು ಸಲೀಸಾಗಿ ಮಲಯಾಳಂ ಆಡುತ್ತಾರೆ. ಕನ್ನಡವನ್ನೇ ಆಡುವ ನಾನು ಬಾಯಿ ತೆರೆದರೆ ಮಾತ್ರ “ಏನಂದ್ರಿ?” ಎಂದು ಎರಡು ಸಲ ಕೇಳುತ್ತಾರೆ. ಭಾನುವಾರಗಳಂದು ಚೆಂಡುಹೂವಿನ ಹೊಲಗಳ ಬದುವಿನಲ್ಲಿ ಒಬ್ಬಳೇ ನಡೆದು ಬರುತ್ತಿದ್ದೆ. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನ್ನನ್ನೂ ಪ್ರವಾಸಿ ಎಂದುಕೊಂಡು ಹೊಲದವಳು ದುಡ್ಡು ಕೇಳಿದಳು. ಆ ದಿನ ನಿಜವಾಗಿ ಅಳು ಬಂತು.

ಇನ್ನು ವೈನಿನ ವಿಷಯ. ರೆಸಾರ್ಟಿನ ಮಾಲೀಕರು ಬೆಂಗಳೂರಿನವರು. ಅವರು ಫ್ರಾನ್ಸಿನ ಬೋರ್ದೊ ಕಡೆಯ ಕೆಂಪು ವೈನಿನ ಪೆಟ್ಟಿಗೆಗಳನ್ನು ತರಿಸಿದ್ದರು. ಒಂದೇ ದ್ರಾಕ್ಷಿಯದಲ್ಲ, ಬೆರಕೆ. ಕ್ಯಾಬರ್ನೆ ಎಂಬ ದ್ರಾಕ್ಷಿ ಬಿಗುವು ಕೊಡುತ್ತದೆ, ಮೆರ್ಲೊ ಎಂಬುದು ಮೆತ್ತಗಾಗಿಸುತ್ತದೆ, ಮೂರನೆಯದೊಂದು ಚೂರು ಘಮ ಸೇರಿಸುತ್ತದೆ. ಮುಂದಿನ ಶನಿವಾರ ಸಂಜೆ ಇಪ್ಪತ್ತು ಅತಿಥಿಗಳಿಗೆ ಈ ವೈನಿನ ಜೊತೆ ಚಾಮರಾಜನಗರದ ಊರೂಟವೇ ಆಗಬೇಕು ಎಂದರು. “ಇದು ಚೆನ್ನಾಗಿ ಆದರೆ ನಿಮ್ಮ ಕೆಲಸ ಪಕ್ಕಾ. ಇಲ್ಲದಿದ್ದರೆ ನೋಡೋಣ,” ಎಂದು ಫೋನಿಟ್ಟರು. ‘ನೋಡೋಣ’ ಎಂಬ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಅಡುಗೆಮನೆಯಲ್ಲೂ ಅದನ್ನು ಹೇಳಿಕೊಂಡೆ.

ಊರೂಟ ಬಲ್ಲವಳು ಮಲ್ಲಾಜಮ್ಮ ಒಬ್ಬಳೇ. ಉಡಿಗಾಲದ ಹೆಣ್ಣು, ಹಂಗಳಕ್ಕೆ ಕೊಟ್ಟಿದ್ದರು. ಗಂಡನದು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಮಾಂಸದ ಅಡುಗೆಗೆ ಬೇರೆ ಬಾಣಸಿಗನಿದ್ದ, ಇವಳ ಒಲೆ ಬೇರೆ, ಪಾತ್ರೆ ಬೇರೆ. ಮಂಗಳವಾರ ನಾನು ಒಂದು ಬಾಟಲಿ ತೆಗೆದು, ಒಂದು ಲೋಟಕ್ಕೆ ಸುರಿದು ಅವಳನ್ನು ಕರೆದೆ.

“ಮೂಸ್ ನೋಡ್ತೀನಿ. ನಾಲ್ಗಗ ಆಕಲ್ಲ,” ಎಂದಳು. ಸೆರಗಿನೊಳಗಿನ ಲಿಂಗದ ಕರಡಿಗೆಯನ್ನು ಮುಟ್ಟಿ ತೋರಿಸಿದಳು.

ಲೋಟ ತಿರುಗಿಸಿ ಮೂಗಿಗೆ ಹಿಡಿದು ಬಹಳ ಹೊತ್ತು ನಿಂತಳು. “ನೇರ‍್ಳೆ ಹಣ್ಣು ಅದ. ಒದ್ದೆ ಕಟ್ಟಿಗೆ ಅದ. ಇನ್ನೊಂದೇನೋ... ಸೀಸದ ಕಡ್ಡಿ ಎರ‍್ದಂಗೆ.” ಪೆನ್ಸಿಲ್ ಹೆರೆದ ವಾಸನೆ! ವೈನರಿಯಲ್ಲಿ ಆರು ತಿಂಗಳು ಕಲಿತವರೂ ಇಷ್ಟು ಹೇಳುವುದಿಲ್ಲ. ನನಗೆ ಖುಷಿಯಾಗಬೇಕಿತ್ತು. ಬದಲಿಗೆ, ಇವಳಿಗೆ ಇದರ ವಾಸನೆ ಮೊದಲೇ ಪರಿಚಯವೇ ಎಂಬ ಹುಳು ತಲೆಗೆ ಹೊಕ್ಕಿತು.

“ಬಾಯಿಗ ಹೆಂಗದ?” ಎಂದು ಕೇಳಿದಳು.

“ಒಗರು,” ಎಂದೆ.

“ಯಾವ ಒಗ್ರು? ಬಾಳೆಕಾಯ್ದಾ, ನೆಲ್ಲಿಕಾಯ್ದಾ, ಎಲೆ ಅಡ್ಕೆ ಹಾಕ್ದಾಗ ಬತ್ತದಲ್ಲ ಅದಾ?”

ಇಂಗ್ಲಿಷ್ ಪುಸ್ತಕಗಳು ಒಂದು ಪುಟ ಬರೆದು ಹೇಳುವುದನ್ನು ಅವಳು ಒಂದು ಪ್ರಶ್ನೆಯಲ್ಲಿ ಕೇಳಿದ್ದಳು. ದ್ರಾಕ್ಷಿ ಬೀಜ ಕಚ್ಚಿದಾಗ ಒಸಡು ಹಿಡಿಯುವ ಒಗರು ಎಂದೆ. ಅದಕ್ಕೆ ಎಣ್ಣೆಯಂಶ, ಕಾಳಿನ ಅಂಶ ಬೇಕು, ಆಗ ಒಗರು ಇಳಿಯುತ್ತದೆ, ಖಾರ ಬಿದ್ದರೆ ಕೆಡುತ್ತದೆ ಎಂದೂ ವಿವರಿಸಿದೆ. ತಳದ ಗಷ್ಟು ಬರದ ಹಾಗೆ ಬಾಟಲಿಯಿಂದ ಮೆಲ್ಲಗೆ ಬೇರೆ ಪಾತ್ರೆಗೆ ಸುರಿಯಬೇಕು ಎಂದಾಗ, “ಬಸಿಯೋದು ಅನ್ನಿ. ಬಸ್ಸಾರು ಮಾಡೋರ‍್ಗೆ ಅದೇನ್ ದೊಡ್ಡದು?” ಎಂದಳು. ಬೇಯಿಸಿದ ಕಾಳು ಸೊಪ್ಪಿನ ನೀರು ಬಸಿದು ಮಾಡುವ ಸಾರು ಬಸ್ಸಾರು, ಅದು ಇಲ್ಲಿಯ ದಿನದ ಊಟ. ನಮ್ಮ ಕಡೆ ಬಸಿಯುವುದು ಎಂದರೆ ಅನ್ನದ ಗಂಜಿ ಚೆಲ್ಲುವುದು. ಇವರು ಬಸಿದದ್ದನ್ನೇ ಇಟ್ಟುಕೊಳ್ಳುವವರು.

ಆ ಸಂಜೆ ಮುಚ್ಚಳ ಬಿಗಿದು, ಬಾಟಲಿಯ ಲೇಬಲ್ಲಿನ ಅಂಚಿಗೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು ಬೀರುವಿನಲ್ಲಿಟ್ಟೆ. ಗೆರೆ ಎಳೆಯುವಾಗ ನಾಚಿಕೆಯಾಗಲಿಲ್ಲ, ರೂಢಿ.

ಬುಧವಾರ ಬೆಳಿಗ್ಗೆ ನೋಡಿದರೆ ವೈನು ಗೆರೆಗಿಂತ ಎರಡು ಬೆರಳು ಕೆಳಗಿತ್ತು.

ನಾನು ತಡೆಯಬಹುದಿತ್ತು. ಒಂದು ಮಾತು ಪಕ್ಕಕ್ಕೆ ಕರೆದು ಕೇಳಬಹುದಿತ್ತು. ಅಡುಗೆಮನೆಯಲ್ಲಿ ಬಾಣಸಿಗನಿದ್ದ, ಪಾತ್ರೆ ತೊಳೆಯುವ ಇಬ್ಬರು ಹೆಂಗಸರಿದ್ದರು. ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದೆ.

“ಮಲ್ಲಾಜಮ್ಮಾರ, ಖರೇ ಹೇಳ್ರಿ. ರುಚಿ ನೋಡಿದ್ರೇನು?”

“ನಾನಾ?”

“ಯಾರೂ ನೋಡಿಲ್ಲಂದ್ರ ಕುಡಿದಿಲ್ಲಂತ ಅಲ್ಲ.”

ಇದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ಪಾತ್ರೆ ಸದ್ದು ನಿಂತಿತು. ಮಲ್ಲಾಜಮ್ಮ ಕೂಗಾಡಲಿಲ್ಲ, ಆಣೆ ಪ್ರಮಾಣ ಮಾಡಲಿಲ್ಲ. ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಒಲೆಯ ಕಟ್ಟೆಯ ಮೇಲಿಟ್ಟಳು. “ಕುಡಿಯೋ ಜನ ಅಲ್ಲ ನಾವು,” ಎಂದಷ್ಟೇ ಹೇಳಿ ಹಿಂದಿನ ಬಾಗಿಲಿನಿಂದ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಮಧ್ಯಾಹ್ನ ಹುರುಳಿಕಾಳು ಹುಡುಕುತ್ತ ಉಗ್ರಾಣಕ್ಕೆ ಹೋದೆ. ಮೇಲಿನ ಹಲಗೆಯ ಮೇಲೆ ತಟ್ಟೆ ಮುಚ್ಚಿದ ಏಳು ಪುಟ್ಟ ಬಟ್ಟಲುಗಳಿದ್ದವು. ಒಂದೊಂದರಲ್ಲೂ ಒಂದು ದೊಡ್ಡ ಚಮಚ ವೈನು, ಅದಕ್ಕೆ ಬೆರೆಸಿದ ಒಂದೊಂದು ಅಡುಗೆ. ಹೆಸರು ಬರೆಯುವ ಬದಲು ಪ್ರತಿಯೊಂದರ ಮುಂದೆ ಗುರುತಿಗೆ ಒಂದೊಂದು ಪದಾರ್ಥ: ಹಸಿಮೆಣಸಿನಕಾಯಿ, ಹುಣಸೆ, ನಾಲ್ಕು ಹುರುಳಿಕಾಳು, ಒಂದು ಚಿಟಿಕೆ ಹುಚ್ಚೆಳ್ಳು, ಸುಟ್ಟ ಬದನೆಯ ಸಿಪ್ಪೆ, ಬೆಳ್ಳುಳ್ಳಿ, ಬಾಳೆಕಾಯಿಯ ಚೂರು. ಮೆಣಸಿನಕಾಯಿ ಮತ್ತು ಹುಣಸೆಯ ಬಟ್ಟಲುಗಳನ್ನು ದೂರ ಗೋಡೆಗೆ ತಳ್ಳಿದ್ದಳು. ಉಳಿದ ಐದು ಮುಂದಿದ್ದವು.

ನಾಲಿಗೆಗೆ ಹಾಕದೆ, ಬರೀ ಮೂಗಿನಿಂದ ಅವಳು ನನ್ನ ಕೆಲಸ ಮಾಡಿಟ್ಟಿದ್ದಳು.

ನಿಂತಲ್ಲೇ ಒಂದೊಂದನ್ನೂ ಸವಿದೆ. ಗೋಡೆಗೆ ತಳ್ಳಿದ ಮೆಣಸಿನಕಾಯಿಯದು ಗಂಟಲು ಸುಟ್ಟಿತು, ಹುಣಸೆ ಸೇರಿದ್ದು ಹಳಸಿದ ಕಷಾಯವಾಗಿತ್ತು. ಹುರುಳಿಯ ಬಸ್ಸಾರಿನ ಜೊತೆ ಮಾತ್ರ ವೈನಿನ ಮಣ್ಣಿನ ವಾಸನೆ ಎದ್ದು ಬಂತು. ಹುಚ್ಚೆಳ್ಳಿನ ಎಣ್ಣೆ ತಾಗಿದ್ದೇ ತಡ ಒಗರು ಕರಗಿ, ಹಿಂದಿನಿಂದ ನೇರಳೆ ಹಣ್ಣಿನ ಸಿಹಿ ಬಂತು. ಸುಟ್ಟ ಬದನೆ, ಬೆಳ್ಳುಳ್ಳಿ ಎರಡೂ ಸರಿ. ತಪ್ಪಿದ್ದು ಬಾಳೆಕಾಯಿ ಒಂದೇ. ಒಗರಿಗೆ ಒಗರು ಕೂಡಿ ಬಾಯಿ ಒಣಗಿಹೋಯಿತು. ಒಗರಿಗೆ ವಾಸನೆ ಇಲ್ಲವಲ್ಲ, ಮೂಗಿಗೆ ಹೇಗೆ ತಿಳಿದೀತು? ಏಳು ಚಮಚ ಕೂಡಿದರೆ ಎರಡು ಬೆರಳು. ಲೆಕ್ಕ ಸರಿಹೋಯಿತು. ನಾನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗಿಂತ ಮೊದಲೇ ಮಾತು ಮನೆ ಸೇರಿತ್ತು. ಸಂಜೆ ಜಗಲಿಯ ಮೇಲೆ ಮಹದೇವಪ್ಪನವರು ಎದ್ದು ನಿಂತರು.

“ಮಲ್ಲಾಜಿ ಕುಡುದ್ಲು ಅಂದ್ರಂತಲ್ಲ ತಾಯಿ?”

“ನಿಮಗ ಹೆಂಗ...”

“ಉಡಿಗಾಲದ ನಮ್ಮ ಸೋದರತ್ತೆ ಮೊಮ್ಮಗಳು ಅವ್ಳು. ನೀವೇನ್ ಕೆಲ್ಸ ಮಾಡೀರಿ ಅನ್ನಾದೂ ಇವತ್ತೇ ಗೊತ್ತಾಯ್ತು.” ಅವರು ದನಿ ಏರಿಸಲಿಲ್ಲ. “ಮನೆ ಬುಡಿ ಅನ್ನಾಕಿಲ್ಲ ನಾನು. ಮದ್ಲು ಆ ಹೆಣ್ಣಿನ ಮಕ ನೋಡಿ ಬನ್ನಿ. ಆಮೇಲ್ ಮಾತಾಡನ.”

ಗುರುವಾರ ಬೆಳಿಗ್ಗೆ ಹಂಗಳಕ್ಕೆ ಹೋದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಬಸ್ಸು ಹಿಡಿದು ನಡುವೆ ಇಳಿದೆ. ಬೆಟ್ಟದ ತಲೆ ಮಂಜಿನಲ್ಲಿತ್ತು. ಬಸ್ಸಿನವರೆಲ್ಲ ದೇವರಿಗೆ ಹೋಗುವವರು, ಇಳಿದವಳು ನಾನೊಬ್ಬಳೇ. ಮಲ್ಲಾಜಮ್ಮ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ನೋಡಿದಳು, ಕೇರುವುದು ನಿಲ್ಲಿಸಲಿಲ್ಲ, ಕೂರು ಎನ್ನಲಿಲ್ಲ.

“ತಪ್ಪಾತ್ರಿ. ಬಟ್ಟಲ ನೋಡಿದೆ. ದೊಡ್ಡ ತಪ್ಪಾತು,” ಎಂದೆ. ನಮ್ಮ ಭಾಷೆಯಲ್ಲಿ ಬೇರೆ ಮಾತೂ ಸಿಗಲಿಲ್ಲ.

“ನಿಮ್ ಕೆಲ್ಸ ಓಯ್ತದಲ್ಲ ಅಂತ ಮಾಡ್ದೆ,” ಎಂದಳು. “ದೂರದಿಂದ ಬಂದಿರೋ ಹೆಣ್ಣು, ಯಾರೂ ಇಲ್ಲ ಅಂತ. ಕೇಳ್ದೆ ಬಾಟ್ಲಿ ಮುಟ್ಟಿದ್ದು ನನ್ ತಪ್ಪು. ಸರಿ. ಅದ್ಕ ಕುಡುಕಿ ಅಂದ್‌ಬುಟ್ರಲ್ಲ! ನನ್ ಗಂಡ ಪಾಳಿ ಮುಗ್ಸಿ ಬಂದ್ರೆ ವ್ಯಾನಲ್ಲೆ ಕೇಳವ್ರೆ, ‘ಏನ್ಲಾ, ನಿನ್ ಎಂಡ್ರು ಫಾರಿನ್ ಎಣ್ಣೆ ಹೊಡಿತಾಳಂತೆ’ ಅಂತ.”

ಅವಳ ಕಣ್ಣಿನಲ್ಲಿ ನೀರಿತ್ತು. ನನ್ನ ಕಣ್ಣಿನಲ್ಲೂ. ಆದರೆ ಇಬ್ಬರೂ ಅತ್ತು ತಬ್ಬಿಕೊಂಡೆವು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ನಿಂತೇ ಇದ್ದೆ, ಅವಳು ಹುರುಳಿಯ ಕಲ್ಲು ಆರಿಸುತ್ತಲೇ ಇದ್ದಳು. ಅಡುಗೆಮನೆಯಲ್ಲಿ ಅವರೆಲ್ಲರ ಮುಂದೆಯೇ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ, ಬನ್ನಿ ಎಂದೆ.

“ಬತ್ತೀನಿ. ಊಟ ಕೆಡಬಾರ್ದು, ಅದ್ಕೆ. ಆದ್ರೆ ಒಂದು ಮಾತು.” ಒಳಗೆ ಹೋಗಿ ಒಂದು ಹಿತ್ತಾಳೆ ಬೀಗ ತಂದು ನನ್ನ ಕೈಗಿಟ್ಟಳು. ಎರಡು ಕೀಲಿ ಕೈಗಳೂ ಅದಕ್ಕೇ ನೇತಾಡುತ್ತಿದ್ದವು. “ಆ ಬೀರುಗ ಇದ್ನ ಆಕಬೇಕು. ದಿನಾ ಸಂಜೆ ನಾನು ಓಗಾ ಮುಂಚೆ, ನನ್ ಕಣ್ಮುಂದೆ. ಎರಡು ಕೀನೂ ನಿಮ್ ಹತ್ರನೆ.”

ಶುಕ್ರವಾರ ಅಡುಗೆಮನೆಯಲ್ಲಿ ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡೆ. ಶನಿವಾರದ ಊಟ ಚೆನ್ನಾಗಿಯೇ ಆಯಿತು. ನಿಂಬೆ ಗಾತ್ರದ ಮುದ್ದೆ, ಹಸಿಮೆಣಸು ಕೈಬಿಟ್ಟು ಬೆಳ್ಳುಳ್ಳಿ ಹುರಿದು ಹಾಕಿದ ಹುರುಳಿ ಬಸ್ಸಾರು, ಹುಚ್ಚೆಳ್ಳು ಚಟ್ನಿ ಸವರಿದ ಸುಟ್ಟ ಬದನೆಕಾಯಿ. ಮಾಂಸ ತಿನ್ನುವವರಿಗೆ ಬಾಣಸಿಗನ ಕರಿಮೆಣಸಿನ ಮಟನ್. ವೈನನ್ನು ಒಂದು ತಾಸು ಮೊದಲೇ ಬಸಿದಿಟ್ಟಿದ್ದೆ. ಮೊದಲು ವೈನನ್ನು ಬರಿಬಾಯಲ್ಲಿ ಸವಿಯಿರಿ, ಒಗರು ಗಮನಿಸಿ, ಈಗ ಬದನೆಕಾಯಿ ತಿಂದು ಮತ್ತೆ ಸವಿಯಿರಿ ಎಂದು ಒಂದೊಂದಾಗಿ ಮಾಡಿಸಿದೆ. ಹುಬ್ಬು ಗಂಟಿಕ್ಕಿದ್ದವರ ಮುಖ ಸಡಿಲವಾಗುವುದನ್ನು ಕಂಡು ಮಾಲೀಕರು ನನ್ನತ್ತ ತಲೆಯಾಡಿಸಿದರು. ಇದನ್ನು ಹೊಂದಿಸಿದವಳು ನಾನಲ್ಲ, ಮಲ್ಲಾಜಮ್ಮ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವಳು ಅಡುಗೆಮನೆಯ ಬಾಗಿಲ ಬಳಿ ನಿಂತಿದ್ದಳು, ಒಳಗೆ ಬರಲಿಲ್ಲ.

ಅತಿಥಿಯೊಬ್ಬರು ಉತ್ಸಾಹದಿಂದ ಎದ್ದು, ತುಂಬಿದ ಗ್ಲಾಸು ಹಿಡಿದು ಅವಳತ್ತ ನಡೆದರು. “ಅವರಿಗೂ ಒಂದು ಕೊಡಬೇಕು, ಇಂಥ ನಾಲಿಗೆ ಇರೋರಿಗೆ!” ಎಂದರು. ನಾನು ಓಡಿದೆ ಎಂದೇ ಹೇಳಬೇಕು. ಅವರ ಕೈಯಿಂದ ಗ್ಲಾಸು ತೆಗೆದುಕೊಂಡು, “ಅವರು ಮುಟ್ಟೂದಿಲ್ರಿ. ಮುಟ್ಟದೇನೇ ಮಾಡ್ಯಾರ,” ಎಂದೆ. ಒಂದು ಹನಿ ನನ್ನ ಸೀರೆಯ ಮೇಲೆ ಚೆಲ್ಲಿತು. ಮಲ್ಲಾಜಮ್ಮ ನೋಡಿದಳು, ಒಲೆಯ ಕಡೆ ತಿರುಗಿದಳು.

ನನ್ನ ಕೆಲಸ ಪಕ್ಕಾ ಆಯಿತು. ಮಹದೇವಪ್ಪನವರು ಮನೆಯ ಮಾತನ್ನು ಮತ್ತೆ ಎತ್ತಲಿಲ್ಲ. ಮೊನ್ನೆ ಊರಿಗೆ ಫೋನ್ ಮಾಡಿದಾಗ ಬಾಯಿ ತಪ್ಪಿ “ಬುಡವ್ವ” ಎಂದುಬಿಟ್ಟೆ. ಅವ್ವ, “ಯಾರು ಮಾತಾಡೂದು?” ಎಂದಳು. ವಿಜಯಪುರಕ್ಕೆ ಹೋದರೆ ನನ್ನ ಮುದ್ದೆಯ ಹುಚ್ಚಿಗೆ ತಮ್ಮಂದಿರು ನಗುತ್ತಾರೆ. ಇಲ್ಲಿ ಜೋಳದ ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಏನು ಸದ್ದು ಎಂದು ಹತ್ತಿ ಬರುತ್ತಾರೆ.

ಬೀಗದ ಪದ್ಧತಿ ನಡೆದೇ ಇದೆ. ದಿನಾ ಸಂಜೆ ಐದೂವರೆಗೆ ಅವಳು ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬೀರುವಿನ ಮುಂದೆ ಬಂದು ನಿಲ್ಲುತ್ತಾಳೆ. ನಾನು ಬೀಗ ಹಾಕಿ ಎಳೆದು ತೋರಿಸುತ್ತೇನೆ. ಆಮೇಲೆ ಅವಳು ಬಸ್ಸಿಗೆ ಹೊರಡುತ್ತಾಳೆ. ಎಂಟು ತಿಂಗಳಾಯಿತು.

ಕಳೆದ ವಾರ ಲೆಕ್ಕವಿಲ್ಲದಷ್ಟು ಅತಿಥಿಗಳಿದ್ದರು. ನಾನು ಓಡಾಟದಲ್ಲಿ ಮರೆತೆ. ಆರು ಗಂಟೆಗೆ ನೋಡಿದರೆ ಬಸ್ಸು ಹೋದರೂ ಅವಳು ಬೀರುವಿನ ಮುಂದೆ ನಿಂತೇ ಇದ್ದಳು. ಬೀಗವನ್ನು ಕೈಗೆತ್ತಿಕೊಂಡು, “ಸಾಕ್ರಿ ಇದು. ಇನ್ನ ಬ್ಯಾಡ. ನನಗ ನಿಮ್ಮ ಮ್ಯಾಲ ಪೂರ್ತಿ ನಂಬಿಕಿ ಬಂದೈತಿ,” ಎಂದೆ.

ಇಲ್ಲಿ ಮನೆಯ ಹೆಣ್ಣುಮಕ್ಕಳನ್ನು ‘ಅಮ್ಮಿ’ ಎನ್ನುತ್ತಾರೆ. ಅಷ್ಟು ದಿನ ನನ್ನನ್ನು ಮೇಡಮ್ಮೋರೆ ಎಂದಲ್ಲದೆ ಬೇರೆ ಹೇಗೂ ಕರೆಯದಿದ್ದವಳು ನನ್ನ ಕೆನ್ನೆಗೆ ಅಂಟಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿ, ಮೆಲ್ಲಗೆ ಹೇಳಿದಳು:

“ನಿಂಗ ಬಂದದ ಕಣಮ್ಮಿ. ನಂಗ ಬಂದಿಲ್ಲ. ಬೀಗ ಆಕು.”